ಬಿಸಿನೀರ ಕೆರೆ ದಂಡೆಯಿಂದ ಡಂಬಳದ ಕೆರೆ ದಂಡೆಗೆ

ಜಪಾನಿನಲ್ಲಿ ನಾನೊಂದು ಸುಳ್ಳು ಹೇಳಿ ಬಂದಿದ್ದೇನೆ. ಬೇಕಂತಲೇ ಹೇಳಿದ್ದಲ್ಲ, ಗೊತ್ತಿಲ್ಲದೇ ಹೇಳಿದ್ದು. ಆದರೂ ಸುಳ್ಳು ಸುಳ್ಳೇ ಅಲ್ಲವೇ? ಅದನ್ನು ತಿದ್ದಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ :-)

ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಟೋಕಿಯೋದಲ್ಲಿದ್ದೆ. ಒಂದು ಶನಿವಾರ ಅಸಾಕುಸಾದಿಂದ ರೈಲು ಹಿಡಿದು ನಿಕ್ಕೋಗೆ ಹೋದೆ. ಅಲ್ಲಿಂದ ಬಸ್ಸಿನಲ್ಲಿ ಬೆಟ್ಟದ ತಿರುವುಗಳನ್ನು ಹತ್ತಿ ಹತ್ತಿ, ಕೊನೆಯ ನಿಲ್ದಾಣ ಯುಮೋಟೋದಲ್ಲಿ ಇಳಿದೆ. ಇಳಿದ ತಕ್ಷಣ ಮೂಗಿಗೆ ಬಡಿದದ್ದು ಗಂಧಕದ ವಾಸನೆ. ಎದುರಿಗೆ ಒಂದು ಪುಟ್ಟ ಸರೋವರ, ಹೆಸರು ಯುನೋಕೋ. ಯು ಅಂದರೆ ಬಿಸಿನೀರು, ಕೋ ಅಂದರೆ ಕೆರೆ. ಅಂದರೆ ಬಿಸಿನೀರ ಕೆರೆ! ಹಿಂದೊಮ್ಮೆ ಜ್ವಾಲಾಮುಖಿಯ ಲಾವಾ ಹರಿದು ಬಂದು ಹೊಳೆಗೆ ಅಡ್ಡ ಕೂತಿತು, ನೀರು ನಿಂತು ಕೆರೆಯಾಯಿತು. ಕೆರೆಯ ಹಿಂದೆ ಜೌಗು ನೆಲದಲ್ಲಿ ಸಣ್ಣ ಸಣ್ಣ ಮರದ ಗೂಡುಗಳಿವೆ. ಅವುಗಳೊಳಗೆ ಬಿಸಿನೀರು ಉಕ್ಕುತ್ತದೆ. ಅಲ್ಲಿಂದ ಕೊಳವೆಯಲ್ಲಿ ಊರಿನ ಎಲ್ಲ ರ್ಯೋಕಾನ್‌ಗಳಿಗೂ ಹೋಗುತ್ತದೆ. ರ್ಯೋಕಾನ್ ಅಂದರೆ ಹಳೇ ಕ್ರಮದ ವಸತಿಗೃಹ.

ನಾನು ಇಳಿದುಕೊಂಡದ್ದೂ ಅಂಥದೇ ಒಂದರಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು (ಇದು ನಮಗೇನು ಹೊಸದಲ್ಲ). ಒಳಗೆ ಹೋದರೆ ಚಾಪೆ ಹಾಸಿದ ಕೋಣೆ, ಗಿಡ್ಡ ಮೇಜು, ಅದರ ಮೇಲೆ ಚಹಾ ಮತ್ತು ಒಂದು ಸಿಹಿ. ಮಂಚ ಇಲ್ಲ. ನಾವು ಊಟಕ್ಕೆ ಹೋದಾಗ ಯಾರೋ ಬಂದು ಸದ್ದಿಲ್ಲದೇ ನೆಲದ ಮೇಲೆ ಹಾಸಿಗೆ ಹಾಸಿ ಹೋಗಿರುತ್ತಾರೆ. ಯುಕಾತಾ ಎಂಬ ಹತ್ತಿಯ ನಿಲುವಂಗಿ ಕೊಡುತ್ತಾರೆ. ಅದರ ಎಡಮಗ್ಗುಲು ಮೇಲೆ ಬರುವಂತೆ ಉಡಬೇಕು. ಬಲಮಗ್ಗುಲು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿಯಂತೆ. ನಾನು ಮೊದಲು ಹಾಗೇ ಉಟ್ಟಿದ್ದೆ. ಮನೆಯ ಯಜಮಾನಿ ಗಾಬರಿಯಾಗಿ ಓಡಿ ಬಂದು ಸರಿಮಾಡಿದರು!

ಸ್ನಾನದ ವಿಷಯ. ಮೊದಲು ಹೊರಗೆ ಸಣ್ಣ ಮಣೆಯ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು. ಆಮೇಲೆ ಬರೀ ಮೈಯಲ್ಲಿ ಹೊಂಡಕ್ಕೆ ಇಳಿಯಬೇಕು. ನೀರು ಹಾಲಿನಂತೆ ಬೆಳ್ಳಗಿತ್ತು. ಮೊದಲು ನಾಚಿಕೆ, ಆಮೇಲೆ ಸುಡು ಬಿಸಿ, ಆಮೇಲೆ ಏನೂ ನೆನಪಿಲ್ಲ, ಅಷ್ಟು ಹಿತ. ಕಣ್ಣು ಮುಚ್ಚಿದರೆ ಗದಗಿನ ನಮ್ಮ ಮನೆಯ ಬಚ್ಚಲು. ಅಮ್ಮ ಹಂಡೆಯ ಕೆಳಗೆ ಹತ್ತಿಕಟ್ಟಿಗೆ ತುರುಕಿ ನೀರು ಕಾಸಿ, ಭಾನುವಾರ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಆ ಹೊಗೆಯ ವಾಸನೆ ಈ ಗಂಧಕದ ವಾಸನೆಯೊಳಗೆ ಎಲ್ಲಿಂದಲೋ ಬಂದು ಸೇರಿತು.

ರಾತ್ರಿ ಊಟಕ್ಕೆ ಯುಬಾ ಕೊಟ್ಟರು. ಸೋಯಾ ಹಾಲು ಕಾಸಿದಾಗ ಮೇಲೆ ಕಟ್ಟುವ ಕೆನೆ ಅದು. ಮಾಂಸ ಮುಟ್ಟದ ಬೌದ್ಧ ಸನ್ಯಾಸಿಗಳ ಅಡುಗೆಯಿಂದ ಬಂದದ್ದು, ನಿಕ್ಕೋದಲ್ಲಿ ಬಹಳ ಪ್ರಸಿದ್ಧ. ಬಡಿಸುತ್ತ ಯಜಮಾನಿ ಊರಿನ ಕತೆ ಹೇಳಿದರು. 788ರಲ್ಲಿ ಶೋಡೋ ಎಂಬ ಬೌದ್ಧ ಭಿಕ್ಷು ಈ ಬಿಸಿನೀರನ್ನು ಕಂಡರಂತೆ. ಇದಕ್ಕೂ ಮೊದಲು ಕೆಳಗಿನ ದೊಡ್ಡ ಸರೋವರ ಚೂಜೆಂಜಿಯ ದಂಡೆಯಲ್ಲಿ ಗುಡಿ ಕಟ್ಟಿದವರೂ ಅವರೇ. ಇವತ್ತಿಗೂ ಯುಮೋಟೋದಲ್ಲಿ ಓನ್ಸೆನ್-ಜಿ, ಅಂದರೆ ಬಿಸಿನೀರ ಬುಗ್ಗೆಯ ಗುಡಿ ಅಂತಲೇ ಒಂದು ಬೌದ್ಧ ಗುಡಿ ಇದೆ. ಅಲ್ಲಿ ಕೈ ಮುಗಿಯಬಹುದು, ಸ್ನಾನವನ್ನೂ ಮಾಡಬಹುದು.

ಕತೆ ಮುಗಿಸಿ ಆಕೆ ಕೇಳಿದರು: "ಬುದ್ಧ ನಿಮ್ಮ ದೇಶದವನು. ನಿಮ್ಮ ಊರಿನಲ್ಲೂ ಬುದ್ಧನ ಗುಡಿ ಇರಬೇಕಲ್ಲ?"

ನನ್ನ ಹರಕುಮುರುಕು ಜಪಾನಿಯಲ್ಲಿ ಹೇಳಿದೆ: "ಇಲ್ಲ. ಬುದ್ಧ ಉತ್ತರದ ಕಡೆಯವನು. ನಮ್ಮದು ದಕ್ಷಿಣ, ನಮ್ಮ ಕಡೆ ಯಾವತ್ತೂ ಇರಲಿಲ್ಲ."

ಆಕೆ "ಹೌದೇ" ಅಂತ ತಲೆಬಾಗಿಸಿ ಸುಮ್ಮನಾದರು. ಅದೇ ನಾನು ಹೇಳಿದ ಸುಳ್ಳು.

ಊರಿಗೆ ಬಂದ ಮೇಲೆ ಒಂದು ದಿನ ಶಾಸನಗಳ ಬಗ್ಗೆ ಏನೋ ಓದುತ್ತಿದ್ದಾಗ ಡಂಬಳದ ಹೆಸರು ಕಣ್ಣಿಗೆ ಬಿತ್ತು. ಮುಂಡರಗಿ ತಾಲೂಕಿನ ಡಂಬಳ, ಗದಗಿನಿಂದ ಇಪ್ಪತ್ತು ಕಿಲೋಮೀಟರು ಚಿಲ್ಲರೆ. ಚಿಕ್ಕವನಿದ್ದಾಗ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿಯ ಒಂದು ಶಾಸನವನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1881ರಲ್ಲೇ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದ. ಅದರ ಕಾಲ ಕ್ರಿ.ಶ. 1095. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಚಕ್ರವರ್ತಿ. ಅವನ ರಾಣಿ ಲಕ್ಷ್ಮಾದೇವಿ ಹದಿನೆಂಟು ಅಗ್ರಹಾರಗಳನ್ನೂ ಧರ್ಮಪುರವನ್ನೂ ಆಳುತ್ತಿದ್ದಳು. ಆ ಧರ್ಮಪುರ, ಧರ್ಮವೊಳಲು ಅಂತಲೂ ಕರೆಯುವ ಊರೇ ಇಂದಿನ ಡಂಬಳ. ಅಲ್ಲಿ ಹದಿನಾರು ಜನ ಸೆಟ್ಟಿಗಳು ಸೇರಿ ಒಂದು ಬುದ್ಧ ವಿಹಾರ ಕಟ್ಟಿಸಿದ್ದರು. ಲೊಕ್ಕಿಗುಂಡಿ, ಅಂದರೆ ನಮ್ಮ ಲಕ್ಕುಂಡಿಯ ದೊಡ್ಡ ವ್ಯಾಪಾರಿ ಸೆಟ್ಟಿಯೊಬ್ಬ ಆರ್ಯ ತಾರಾದೇವಿಯ ವಿಹಾರ ಕಟ್ಟಿಸಿದ್ದ. ದೇವರ ಪೂಜೆಗೆ, ಭಿಕ್ಷುಗಳ ಊಟ ಬಟ್ಟೆಗೆ ದತ್ತಿ ಬಿಟ್ಟಿದ್ದರು.

ಓದಿ ನನಗೆ ಮೈ ಬೆವರಿತು. ಯಾವತ್ತೂ ಇರಲಿಲ್ಲ ಅಂತ ಎಷ್ಟು ಧೈರ್ಯವಾಗಿ ಹೇಳಿ ಬಂದಿದ್ದೆ! ಆ ಯಜಮಾನಿಗೆ ಗೊತ್ತಿದ್ದಷ್ಟು ಅವರ ಊರಿನ ಚರಿತ್ರೆ, ನನಗೆ ನನ್ನ ಊರಿನದು ಗೊತ್ತಿರಲಿಲ್ಲ.

ಆ ಶಾಸನದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ತಾರಾದೇವಿಯ ಸ್ತುತಿ. ಅವಳು ಎಂಟು ಭಯಗಳಿಂದ ಕಾಯುವವಳು. ಯಾವ ಎಂಟು? ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಸಮುದ್ರ, ಪಿಶಾಚಿ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಮನೆಯಲ್ಲಿ ಕೂತವನಿಗೆ ಸಮುದ್ರದ ಭಯವೇಕೆ, ಆನೆಯ ಭಯವೇಕೆ? ಇದು ದಾರಿ ನಡೆಯುವವರ ಪಟ್ಟಿ. ಎತ್ತಿನ ಮೇಲೆ ಸರಕು ಹೇರಿಕೊಂಡು ಕಾಡು ದಾಟಿ, ಕಳ್ಳರಿಂದ ತಪ್ಪಿಸಿಕೊಂಡು, ಯಾವುದೋ ಊರಿನ ಕೆರೆ ಕಂಡಾಗ ಉಸಿರು ಬಿಡುತ್ತಿದ್ದ ಸೆಟ್ಟಿಗಳ ಪಟ್ಟಿ. ಅಂಥವರು ಊರಿಗೆ ಬಂದು ತಲುಪಿದ ಮೇಲೆ ಗುಡಿ ಕಟ್ಟಿಸುವುದಾದರೆ ತಾರೆಗಲ್ಲದೆ ಇನ್ನಾರಿಗೆ ಕಟ್ಟಿಸಿಯಾರು? ಚೂಜೆಂಜಿಯ ದಂಡೆಯ ಗುಡಿಯಲ್ಲಿರುವುದು ಕನ್ನೊನ್, ಅಂದರೆ ಅವಲೋಕಿತೇಶ್ವರ. ಅವನೂ ಇಂಥದೇ ಆಪತ್ತುಗಳಿಂದ ಕಾಯುವವನು. ಬೌದ್ಧ ಕತೆಗಳಲ್ಲಿ ತಾರೆ ಹುಟ್ಟಿದ್ದೇ ಅವನ ಕಣ್ಣೀರಿನಿಂದ. ಅಂದರೆ ಆ ಕೆರೆಗೂ ನಮ್ಮ ಡಂಬಳಕ್ಕೂ ಹತ್ತಿರದ ನೆಂಟಸ್ತಿಕೆಯೇ ಆಯಿತು!

ಮುಂದಿನ ರಜೆಯಲ್ಲಿ ಡಂಬಳಕ್ಕೆ ಹೊರಟೆ. ಜೊತೆಗೆ ಮುಂಡರಗಿಯ ನಮ್ಮ ಸೋದರಮಾವ.

"ಡಂಬಳದಾಗ ಏನ್ ನೋಡಾಂವ ಅದೀಯೋ? ದೊಡ್ಡಬಸಪ್ಪನ ಗುಡಿ ನೋಡಿಲ್ಲೇನು?" ಅಂದ.

"ಬುದ್ಧನ ಗುಡಿ ಇತ್ತಂತ, ಮಾಮಾ."

"ಯಾರಂದ್ರು? ನಮ್ಮಜ್ಜನ ಕಾಲದಿಂದ ನಾವಂತೂ ಕೇಳಿಲ್ಲಪಾ."

ದೊಡ್ಡಬಸಪ್ಪನ ಗುಡಿ ಹನ್ನೆರಡನೆಯ ಶತಮಾನದ್ದು, ಚಾಲುಕ್ಯರ ಕೆಲಸ. ಗರ್ಭಗುಡಿಯ ಹೊರಗೋಡೆ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರದಂತೆ ತಿರುಗಿಕೊಂಡು ಹೋಗುತ್ತದೆ, ನೋಡಲು ಎರಡು ಕಣ್ಣು ಸಾಲದು. ಆಮೇಲೆ ಕೆರೆಯ ಏರಿಯ ಮೇಲೆ ಹೋಗಿ ಕೂತೆವು. ಮಳೆ ಚೆನ್ನಾಗಿ ಆಗಿತ್ತು, ನೀರು ದೂರದವರೆಗೆ ಹರಡಿತ್ತು. ಆಚೆಗೆ ಕಪ್ಪತಗುಡ್ಡ, ಅದರ ಮೇಲೆ ಗಾಳಿಯಂತ್ರಗಳು. ಆ ಗುಡ್ಡದಲ್ಲಿ ಲಾವಾ ಆರಿ ಆದ ಕಲ್ಲುಗಳೂ ಇವೆ, ಆದರೆ ಆರಿ 250 ಕೋಟಿ ವರ್ಷಗಳ ಮೇಲಾಯಿತು! ಯುಮೋಟೋದ ಬೆಂಕಿ ಇನ್ನೂ ಜೀವಂತ, ನಮ್ಮದು ಎಂದೋ ತಣ್ಣಗಾಗಿದೆ. ಕರ್ನಾಟಕದಲ್ಲಿ ಬಿಸಿನೀರ ಬುಗ್ಗೆ ಅಂದರೆ ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರ್ ತೀರ್ಥ ನೆನಪಾಗುತ್ತದೆ. ನಮ್ಮ ಕಡೆ ತಣ್ಣೀರೇ ಗತಿ. ಕುಮಾರವ್ಯಾಸ ಕೂಡ ಗದಗಿನ ವೀರನಾರಾಯಣ ಗುಡಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವವರೆಗೆ ಭಾರತ ಬರೆಯುತ್ತಿದ್ದ ಅಂತ ಕತೆ ಇದೆಯಲ್ಲ.

ಏರಿಯ ಮೇಲೆ ಕೂತು ಯೋಚಿಸಿದೆ. ಅಲ್ಲಿ ಉಳಿದದ್ದು ಇಲ್ಲೇಕೆ ಉಳಿಯಲಿಲ್ಲ? ನಮ್ಮವರಿಗೆ ಬುದ್ಧಿ ಇಲ್ಲ ಅಂತ ಬೈದುಬಿಡುವುದು ಸುಲಭ. ಆದರೆ ವ್ಯತ್ಯಾಸ ನೀರಿನಲ್ಲೂ ಇದೆ ಅನ್ನಿಸಿತು. ಅಲ್ಲಿ ಬಿಸಿನೀರೇ ದತ್ತಿ. ರಾಜ ಬದಲಾಗಲಿ, ಮತ ಬದಲಾಗಲಿ, ನೆಲದಿಂದ ಉಕ್ಕುವುದು ನಿಲ್ಲುವುದಿಲ್ಲ, ಅದನ್ನು ಹುಡುಕಿಕೊಂಡು ಜನ ಬಂದೇ ಬರುತ್ತಾರೆ. ಇಲ್ಲಿ ದತ್ತಿ ಅಂದರೆ ಹೊಲ, ತೋಟ, ಸೆಟ್ಟಿಗಳ ವ್ಯಾಪಾರ. ದಾರಿ ಬದಲಾದರೆ ವ್ಯಾಪಾರ ಹೋಯಿತು, ವ್ಯಾಪಾರ ಹೋದರೆ ವಿಹಾರದ ದೀಪಕ್ಕೆ ಎಣ್ಣೆ ಹೋಯಿತು.

ಹಾಗಾದರೆ ನಮ್ಮಲ್ಲಿ ಏನೂ ಉಳಿಯಲಿಲ್ಲವೇ? ಇದಕ್ಕೆ ಉತ್ತರ ಹುಡುಕುವಾಗ ಬಳ್ಳಿಗಾವಿ ನೆನಪಿಗೆ ಬಂತು. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ಕೋಡಿಮಠ ಅಂತ ಹೆಸರು. ಕೆರೆಯ ಕೋಡಿಯ ಹತ್ತಿರ ಇದ್ದದ್ದಕ್ಕೆ ಹಾಗೆ. ಅಲ್ಲಿಯ 1162ರ ಶಾಸನ ಆ ಮಠವನ್ನು ಬಣ್ಣಿಸುತ್ತದೆ: ದೀನರಿಗೆ, ಕುರುಡರಿಗೆ, ಕುಂಟರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಜೈನ ಬೌದ್ಧ ಸನ್ಯಾಸಿಗಳಿಗೂ ಅನ್ನ ಸಿಗುವ ಜಾಗ, ರೋಗಿಗಳಿಗೆ ಔಷಧ ಸಿಗುವ ಜಾಗ, ಎಲ್ಲ ಜೀವಿಗಳಿಗೂ ಅಭಯ ಸಿಗುವ ಜಾಗ. ನಡೆಸುತ್ತಿದ್ದವರು ಕಾಳಾಮುಖ ಶೈವರು, ಉಣ್ಣುತ್ತಿದ್ದವರು ಯಾರು ಬೇಕಾದರೂ! ಅದೇ ಬಳ್ಳಿಗಾವಿಯಲ್ಲಿ 1065ರಲ್ಲಿ ಒಂದು ಬೌದ್ಧ ವಿಹಾರವೂ ಎದ್ದಿತ್ತು. ಮತಗಳು ಬೇರೆ ಬೇರೆ, ಆದರೆ ಬಂದವರನ್ನು ಉಣಿಸುವ ಪದ್ಧತಿ ಒಂದೇ.

ಆ ಪದ್ಧತಿ ನಮ್ಮಲ್ಲಿ ಉಳಿದಿದೆ. ಮುಂಡರಗಿಯ ಮಠದ ಹೆಸರೇ ಅನ್ನದಾನೀಶ್ವರ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ಎಷ್ಟೋ ಅಂಧ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಕೊಟ್ಟರು. ಡಂಬಳದಲ್ಲೇ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ನಡೆಯುತ್ತದೆ. ಜೋಳದ ರೊಟ್ಟಿ, ಕರಿಂಡಿ, ಎಲ್ಲ ಜಾತಿಯವರೂ ಸಾಲಾಗಿ ಕೂತು ಉಣ್ಣುತ್ತಾರೆ. ವಿಹಾರದ ಗೋಡೆ ಉಳಿಯಲಿಲ್ಲ, ಪಂಕ್ತಿ ಉಳಿಯಿತು. ಧರ್ಮಪುರ ಎಂಬ ಹೆಸರನ್ನು ಊರು ಮರೆತಿದ್ದರೂ ಅದರ ಕೆಲಸವನ್ನು ಮರೆತಿಲ್ಲ.

ಆದರೆ ಮರೆತದ್ದಕ್ಕೂ ಒಂದು ಬೆಲೆ ಇದೆ. ಯುಮೋಟೋದಲ್ಲಿ ಬಡಿಸುವ ಹೆಂಗಸಿಗೂ 788 ಗೊತ್ತು. ನಮ್ಮಲ್ಲಿ 1095 ಎಷ್ಟು ಜನರಿಗೆ ಗೊತ್ತು? ಸಾಲಾಗಿ ಕೂತು ಉಣ್ಣುವಾಗ, ಈ ಸಾಲಿನಲ್ಲಿ ಒಂದು ಕಾಲಕ್ಕೆ ಭಿಕ್ಷುಗಳೂ ಕೂತಿದ್ದರು ಅಂತ ಗೊತ್ತಿದ್ದರೆ, ಪಕ್ಕದಲ್ಲಿ ಕೂತವನು ಯಾರು ಅಂತ ಕೇಳುವ ಚಾಳಿ ಸ್ವಲ್ಪವಾದರೂ ಕಡಿಮೆಯಾದೀತು.

ವಾಪಸು ಬರುವಾಗ ಮಾಮ ಸುಮ್ಮನೆ ಕೂತಿದ್ದ. ಊರು ಹತ್ತಿರ ಬಂದಾಗ ಕೇಳಿದ: "ಆ ಎಂಟು ಭಯ ಯಾವ್ಯಾವು ಅಂದಿ? ಇನ್ನೊಮ್ಮೆ ಹೇಳು." ಹೇಳಿದೆ. ಬೆರಳು ಮಡಚಿ ಎಣಿಸಿಕೊಂಡ.

ಮರುದಿನ ಗದಗಿನ ಅಂಚೆ ಕಚೇರಿಗೆ ಹೋಗಿ ಯುಮೋಟೋದ ಆ ರ್ಯೋಕಾನ್‌ಗೆ ಒಂದು ಕಾಗದ ಹಾಕಿದೆ. ದೊಡ್ಡಬಸಪ್ಪನ ಗುಡಿಯ ಫೋಟೋ ಜೊತೆಗಿಟ್ಟು, ಗೆಳೆಯನಿಂದ ತಿದ್ದಿಸಿದ ಜಪಾನಿಯಲ್ಲಿ ಬರೆದೆ: ಅಮ್ಮಾ, ಅವತ್ತು ನಾನು ತಪ್ಪು ಹೇಳಿದೆ. ನಮ್ಮ ಕಡೆಯೂ ಇತ್ತು. ಈ ಗುಡಿ ಇರುವ ಊರಲ್ಲೇ ಇತ್ತು. ಕಟ್ಟಿಸಿದವರು ದಾರಿ ನಡೆಯುವವರು. ನೀವು ಈ ಕಡೆ ಬಂದರೆ ಬಿಸಿನೀರು ನೆಲದಿಂದ ಬರುವುದಿಲ್ಲ, ಹಂಡೆಯಲ್ಲಿ ಕಾಸಿ ಕೊಡುತ್ತೇವೆ. ಊಟಕ್ಕೆ ರೊಟ್ಟಿ ಇದೆ.