ಬೂರ್ಗುಲ ವಕೀಲರು ಮತ್ತು ನಮ್ಮ ಮೂರು ಜಿಲ್ಲೆಗಳು

ನಿಜಾಮರ ಆಳ್ವಿಕೆಯಲ್ಲಿ ಒಂದು ಸಭೆ ಕೂಡಿಸಬೇಕಾದರೂ ಸರ್ಕಾರದ ಅಪ್ಪಣೆ ಬೇಕಾಗಿದ್ದ ಕಾಲವಿತ್ತು. ಅಂಥ ದಿನಗಳಲ್ಲಿ ಸಾರ್ವಜನಿಕ ಜೀವನದ ಮುಂಚೂಣಿಗೆ ಬಂದವರಲ್ಲಿ ವಕೀಲರೇ ಅನೇಕರು. ಅವರ ಪೈಕಿ ಬೂರ್ಗುಲ ರಾಮಕೃಷ್ಣರಾಯರ ಹೆಸರು ದೊಡ್ಡದು. ತೆಲುಗರು ಅವರನ್ನು ತಮ್ಮ ನಾಯಕರೆಂದು ನೆನೆಯುವುದು ಸಹಜವೇ. ಆದರೆ ಗುಲ್ಬರ್ಗಾ, ರಾಯಚೂರು, ಬೀದರ್ ಕಡೆಯಿಂದ ಬಂದು ಈ ಊರಿನಲ್ಲಿ ನೆಲೆನಿಂತ ಕನ್ನಡ ಮನೆತನಗಳಿಗೂ ಅವರ ಚರಿತ್ರೆಗೂ ನಿಕಟವಾದ ನಂಟಿದೆ.

ರಾಯರು ಹುಟ್ಟಿದ್ದು 1899ರಲ್ಲಿ, ಮೆಹಬೂಬನಗರ ಜಿಲ್ಲೆಯಲ್ಲಿ. ಹೈದರಾಬಾದಿನಲ್ಲಿ ಶಾಲೆ ಮುಗಿಸಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದು, ಇಲ್ಲಿಗೇ ಮರಳಿ ವಕೀಲಿ ಹಿಡಿದರು. ಆಗ ಸಂಸ್ಥಾನದ ನ್ಯಾಯಾಲಯಗಳ ಭಾಷೆ ಉರ್ದು. ಕಕ್ಷಿದಾರ ಆಡುವುದು ಕನ್ನಡವೋ ತೆಲುಗೋ ಮರಾಠಿಯೋ, ವಾದ ನಡೆಯುವುದು ಮಾತ್ರ ಉರ್ದುವಿನಲ್ಲಿ! ಹೀಗಾಗಿ ಇಲ್ಲಿನ ವಕೀಲನಿಗೆ ಕಾನೂನಿನಷ್ಟೇ ಭಾಷೆಗಳೂ ಬೇಕಿದ್ದವು. ರಾಯರು ಬಹುಭಾಷಾ ಪಂಡಿತರು. ಫಾರಸಿ, ಸಂಸ್ಕೃತಗಳೆರಡರಲ್ಲೂ ನುರಿತವರು. ಶಂಕರಾಚಾರ್ಯರ ಸೌಂದರ್ಯಲಹರಿಯನ್ನು ಅವರು ತೆಲುಗಿಗೆ ತಂದರು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು ಅವರ ಕೈಕೆಳಗೆ ಕಿರಿಯ ವಕೀಲರಾಗಿದ್ದವರು.

1931ರಲ್ಲಿ ದೇವರಕೊಂಡದ ಆಂಧ್ರ ಮಹಾಸಭೆಗೆ ರಾಯರು ಅಧ್ಯಕ್ಷರಾದರು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟುವಲ್ಲಿ ಪಾಲ್ಗೊಂಡರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ, 1950ರಲ್ಲಿ ವೆಲ್ಲೋಡಿಯವರ ಮಂತ್ರಿಮಂಡಲದಲ್ಲಿ ಕಂದಾಯ ಖಾತೆ ಅವರ ಪಾಲಿಗೆ ಬಂತು.

ನಮ್ಮ ಹೊಲಗಳ ಕಥೆ ಅವರ ಕಥೆಯೊಡನೆ ಕೂಡುವುದು ಇಲ್ಲಿಯೇ. ಆ ವರ್ಷವೇ ಜಾರಿಗೆ ಬಂದ ಹೈದರಾಬಾದ್ ಗೇಣಿ ಶಾಸನವು, ಗೊತ್ತಾದ ಅವಧಿಯವರೆಗೆ ಭೂಮಿ ಉತ್ತವನನ್ನು 'ರಕ್ಷಿತ ಗೇಣಿದಾರ'ನೆಂದು ದಾಖಲು ಮಾಡಿ, ಅವನನ್ನು ಮನಬಂದಂತೆ ಎಬ್ಬಿಸದಂತೆ ತಡೆಯಿತು. ಭೂಮಿಯನ್ನು ಕೊಳ್ಳುವ ಹಕ್ಕನ್ನೂ ಕೊಟ್ಟಿತು. ಅದನ್ನು ನಡೆಸುವ ಹೊಣೆ ರಾಯರದಾಯಿತು. ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ, 1965ರಲ್ಲಿ ಮೈಸೂರಿನ ಭೂಸುಧಾರಣಾ ಶಾಸನ ಜಾರಿಯಾಗುವವರೆಗೆ ಅಲ್ಲಿ ಈ ಕಾಯಿದೆಯೇ ನಡೆಯಿತು.

1952ರ ಮಾರ್ಚಿಯಲ್ಲಿ ರಾಯರು ಮುಖ್ಯಮಂತ್ರಿಯಾದರು. ಮೂರು ಭಾಷೆಗಳ ಈ ರಾಜ್ಯಕ್ಕೆ ಚುನಾವಣೆಯ ಮೂಲಕ ಬಂದ ಮೊದಲ ಮುಖ್ಯಮಂತ್ರಿ ಅವರೇ, ಕೊನೆಯವರೂ ಅವರೇ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು ಕರ್ನಾಟಕಕ್ಕೆ ಸೇರಿಸಲೂ ತೆಲಂಗಾಣವನ್ನು ಸದ್ಯಕ್ಕೆ ಪ್ರತ್ಯೇಕವಾಗಿಡಲೂ ಸಲಹೆ ಮಾಡಿತು. ತೆಲಂಗಾಣದ ಪ್ರಶ್ನೆಯಲ್ಲಿ ರಾಯರ ಮನಸ್ಸು ಮೊದಲು ತೂಗಾಡಿದರೂ, 1956ರ ಫೆಬ್ರವರಿಯಲ್ಲಿ ದೆಹಲಿಯಲ್ಲಾದ 'ದೊಡ್ಡವರ ಒಪ್ಪಂದ'ಕ್ಕೆ ಅವರೂ ಸಹಿ ಹಾಕಿದರು. ತಮ್ಮ ರಾಜ್ಯವನ್ನೂ ತಮ್ಮ ಪದವಿಯನ್ನೂ ಒಟ್ಟಿಗೇ ಕಳೆದುಕೊಳ್ಳುವ ಕಾಗದಕ್ಕೆ ಸಹಿ ಹಾಕಿದ ಮುಖ್ಯಮಂತ್ರಿಗಳು ವಿರಳ.

ಬಳಿಕ ಅವರು ಕೇರಳದ ರಾಜ್ಯಪಾಲರಾದರು. ತೆಲಂಗಾಣದಲ್ಲಿ ಕಮ್ಯುನಿಸ್ಟರಿಗೆ ಎದುರಾಳಿಯಾಗಿದ್ದ ಅವರು 1957ರಲ್ಲಿ ನಂಬೂದಿರಿಪಾಡರ ಕಮ್ಯುನಿಸ್ಟ್ ಮಂತ್ರಿಮಂಡಲಕ್ಕೆ ಪ್ರಮಾಣವಚನ ಬೋಧಿಸಬೇಕಾಯಿತು. ಮುಂದೆ ಉತ್ತರ ಪ್ರದೇಶದ ರಾಜ್ಯಪಾಲರೂ ಆಗಿ, 1967ರಲ್ಲಿ ತೀರಿಕೊಂಡರು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದು ನಮ್ಮೆಲ್ಲರ ಹಬ್ಬ. ಆದರೆ ಅಂದು ಗೆರೆ ಎಳೆದಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ಲುಗಳೂ ರಾಯಚೂರಿನ ಗದ್ವಾಲ, ಆಲಂಪುರಗಳೂ ಆಂಧ್ರದಲ್ಲಿ ಉಳಿದವು. ಗುಲ್ಬರ್ಗಾದ ಕಕ್ಷಿದಾರ ಹೈಕೋರ್ಟಿಗಾಗಿ ಹೈದರಾಬಾದಿನ ಬದಲು ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೂರದ ಬೆಂಗಳೂರಿಗೆ ಹೋಗಬೇಕಾಯಿತು. 2008ರಲ್ಲಿ ಅಲ್ಲಿಯೇ ಹೈಕೋರ್ಟಿನ ಪೀಠ ತೆರೆಯುವವರೆಗೆ, ಎಂದರೆ ಅರ್ಧ ಶತಮಾನಕ್ಕೂ ಮಿಗಿಲಾಗಿ, ಈ ಅಲೆದಾಟ ತಪ್ಪಲಿಲ್ಲ. ಇನ್ನು ಹೈದರಾಬಾದಿನಲ್ಲೇ ಉಳಿದ ಕನ್ನಡಿಗರು ಮನೆ ಬದಲಿಸದೆಯೇ ಹೊರರಾಜ್ಯದವರೆನಿಸಿದರು.

ನಿಮ್ಮ ಹಿರಿಯರು ಬೇರೆ ರಾಜ್ಯದಿಂದ ಇಲ್ಲಿಗೆ ಯಾವಾಗ ಬಂದರೆಂದು ನಮ್ಮ ಮಕ್ಕಳನ್ನು ಯಾರಾದರೂ ಕೇಳುವುದುಂಟು. ಬೂರ್ಗುಲರ ಕಾಲಕ್ಕೆ ಮೊದಲೇ ಗುಲ್ಬರ್ಗಾದಿಂದ ಬಂದ ಮನೆಯ ಮಕ್ಕಳು ಅಂಜದೆ ಉತ್ತರಿಸಬಹುದು: ನಮ್ಮ ಅಜ್ಜ ತಮ್ಮ ಜಿಲ್ಲೆಯಿಂದ ತಮ್ಮದೇ ರಾಜಧಾನಿಗೆ ಬಂದರು, ಗಡಿ ಬಂದದ್ದು ಆಮೇಲೆ.