ತೊಡಕು ಎಲ್ಲಿದೆ? ತೋರಿಸುತ್ತದೆ ಪ್ರಕ್ರಿಯಾ ಚಿತ್ರ

ರಾಮನಗರ: ಕೂಟಗಲ್ ಹೋಬಳಿಯ ರೈತ ಚಂದ್ರಿಕೆಯಿಂದ ಬಿಡಿಸಿದ ರೇಷ್ಮೆಗೂಡು ರಾಮನಗರದ ಮಾರುಕಟ್ಟೆ ತಲುಪಿ ಹಣವಾಗುವಷ್ಟರಲ್ಲಿ ಹಲವು ಕೈಗಳನ್ನು ದಾಟುತ್ತದೆ. ನಡುವೆ ಎಲ್ಲಿ ತಡವಾದರೂ ನಷ್ಟ ಅನುಭವಿಸುವವನು ರೈತ. ತಡಕ್ಕೆ ಕಾರಣ ಯಾರು ಎಂದು ಕೇಳಿದರೆ ಒಬ್ಬರು ಮತ್ತೊಬ್ಬರತ್ತ ಬೆರಳು ತೋರಿಸುವುದು ಸಾಮಾನ್ಯ. ಕಾರಣ ಯಾರು ಎಂಬುದಕ್ಕಿಂತ ತೊಡಕು ಎಲ್ಲಿದೆ ಎಂಬುದನ್ನು ಕಂಡುಹಿಡಿಯಲು ಬಳಕೆಯಲ್ಲಿರುವ ಸರಳ ಸಾಧನವೇ ಪ್ರಕ್ರಿಯಾ ಚಿತ್ರ.

ಹಿನ್ನೆಲೆ

ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಈ ವಿಧಾನವನ್ನು ಮಂಡಿಸಿದರು. 1947ರಲ್ಲಿ ಅದೇ ಸಂಘ ಐದು ಚಿಹ್ನೆಗಳನ್ನು ಗೊತ್ತುಪಡಿಸಿತು. ವೃತ್ತವೆಂದರೆ ಕೆಲಸ, ಬಾಣವೆಂದರೆ ಸಾಗಾಟ, ಚೌಕವೆಂದರೆ ಪರಿಶೀಲನೆ, ಇಂಗ್ಲಿಷಿನ 'ಡಿ' ಅಕ್ಷರದ ಆಕಾರವೆಂದರೆ ಕಾಯುವಿಕೆ, ತಲೆಕೆಳಗಾದ ತ್ರಿಕೋನವೆಂದರೆ ದಾಸ್ತಾನು. ಕಾಯುವಿಕೆಗೂ ಪ್ರತ್ಯೇಕ ಚಿಹ್ನೆ ನೀಡಿರುವುದು ಇದರ ವಿಶೇಷ.

ಗೂಡಿಗೆ ಸಮಯವೇ ತೂಕ

ರೇಷ್ಮೆಗೂಡು ಜೀವವಿರುವ ಸರಕು. ಹಸಿಗೂಡಿನ ತೂಕದ ಬಹುಪಾಲು ಒಳಗಿನ ಕೋಶದ್ದೇ ಹೊರತು ರೇಷ್ಮೆಯದ್ದಲ್ಲ. ಹೊತ್ತು ಕಳೆದಂತೆ ಕೋಶದ ತೇವಾಂಶ ಇಳಿದು ತೂಕ ಕುಗ್ಗುತ್ತದೆ. ಹೆಚ್ಚು ದಿನ ಬಿಟ್ಟರೆ ಪತಂಗ ಗೂಡನ್ನು ಸೀಳಿ ಹೊರಬರುತ್ತದೆ. ಅಂಥ ಗೂಡಿನಿಂದ ನೂಲು ಬಿಚ್ಚಲಾಗದು. ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಬಿಸಿಲಿಗೆ ಸಾಗಿಸಿದರೂ ಗುಣಮಟ್ಟ ಕೆಡುತ್ತದೆ. ಬೆಲೆ ನಿಗದಿಯಾಗುವುದು ಕಿಲೋ ಲೆಕ್ಕದಲ್ಲಿ. ಆದ್ದರಿಂದ ಕಾಯುವ ಪ್ರತಿ ಗಂಟೆಗೂ ಇಲ್ಲಿ ಬೆಲೆಯುಂಟು.

ರಚಿಸುವ ಬಗೆ

1. ಆರಂಭ ಮತ್ತು ಅಂತ್ಯವನ್ನು ಮೊದಲು ಗುರುತಿಸಬೇಕು. ಇಲ್ಲಿ ಗೂಡು ಬಿಡಿಸುವುದು ಆರಂಭ, ಹಣ ರೈತನ ಕೈಸೇರುವುದು ಅಂತ್ಯ.

2. ನಡುವಿನ ಹಂತಗಳನ್ನು ನಿಯಮದಲ್ಲಿ ಇರುವಂತೆ ಬರೆಯದೆ, ನಡೆಯುತ್ತಿರುವಂತೆಯೇ ಬರೆಯಬೇಕು: ಗೂಡು ವಿಂಗಡಣೆ, ಸಾಗಾಟ, ಮಾರುಕಟ್ಟೆಯಲ್ಲಿ ನೋಂದಣಿ, ಲಾಟ್ ಸಂಖ್ಯೆ, ಹರಾಜು, ರೈತನ ಒಪ್ಪಿಗೆ, ತೂಕ, ಪಾವತಿ.

3. ರೈತ, ಮಾರುಕಟ್ಟೆ ಸಿಬ್ಬಂದಿ, ರೀಲರ್ ಇವರಿಗೆ ಒಂದೊಂದು ಸಾಲು ಮೀಸಲಿಟ್ಟು, ಯಾವ ಹಂತ ಯಾರದೆಂದು ತೋರಿಸಬೇಕು.

4. ಪ್ರತಿ ಹಂತಕ್ಕೆ ಹಿಡಿದ ಸಮಯವನ್ನೂ ಎರಡು ಹಂತಗಳ ನಡುವೆ ಕಾದ ಸಮಯವನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು.

ಚಿತ್ರ ಓದುವುದು ಹೇಗೆ?

ಸಾಮಾನ್ಯವಾಗಿ ತೊಡಕು ಕಾಣುವುದು ಕೆಲಸ ಒಂದು ಸಾಲಿನಿಂದ ಮತ್ತೊಂದು ಸಾಲಿಗೆ ದಾಟುವ ಕಡೆ. ಉದಾಹರಣೆಗೆ, ಹರಾಜು ಮುಗಿದ ಮೇಲೆ ತೂಕಕ್ಕಾಗಿ ಸರದಿ ಬೆಳೆದರೆ, ಹರಾಜನ್ನು ಇನ್ನಷ್ಟು ಚುರುಕುಗೊಳಿಸಿ ಪ್ರಯೋಜನವಿಲ್ಲ. ಸರದಿ ಇನ್ನೂ ಉದ್ದವಾಗುತ್ತದೆ ಅಷ್ಟೆ. ಬೆಲೆ ಒಪ್ಪದ ರೈತ ಮತ್ತೆ ಹರಾಜಿಗೆ ಹೋಗುವ ದಾರಿಯನ್ನೂ ಚಿತ್ರದಲ್ಲಿ ತೋರಿಸಬೇಕು. ಅದನ್ನು ಬಿಟ್ಟರೆ ಕಾಯುವಿಕೆಯ ನಿಜವಾದ ಲೆಕ್ಕ ಸಿಗುವುದಿಲ್ಲ.

ಬಳಿಕ ಪ್ರತಿ ಹಂತಕ್ಕೂ ಮೂರು ಪ್ರಶ್ನೆ ಕೇಳಬೇಕಾಗುತ್ತದೆ: ಇದನ್ನು ಕೈಬಿಡಬಹುದೇ? ಮತ್ತೊಂದರೊಡನೆ ಸೇರಿಸಬಹುದೇ? ಮುಂಚಿತವಾಗಿ ಮುಗಿಸಬಹುದೇ? ಆದರೆ ವಿಳಂಬಕ್ಕೆ ಕಾರಣವೆಂಬ ಒಂದೇ ನೆಪದಿಂದ ರೈತನ ಒಪ್ಪಿಗೆ, ತೂಕದ ಪರಿಶೀಲನೆಯಂಥ ಹಂತಗಳನ್ನು ತೆಗೆಯುವಂತಿಲ್ಲ. ಅವು ದುರ್ಬಲನಿಗೆ ರಕ್ಷಣೆ.

ಗಣಕೀಕರಣಕ್ಕೆ ಮುನ್ನ

ಕೂಗಿ ಬೆಲೆ ಕಟ್ಟುತ್ತಿದ್ದ ಹರಾಜಿನ ಜಾಗಕ್ಕೆ ಇ-ಹರಾಜು, ನಗದಿನ ಜಾಗಕ್ಕೆ ಬ್ಯಾಂಕ್ ಖಾತೆಯ ಪಾವತಿ ಬಂದದ್ದು ಪ್ರಕ್ರಿಯೆ ಬದಲಾವಣೆಗೆ ಈ ಭಾಗದಲ್ಲೇ ದೊರೆಯುವ ನಿದರ್ಶನ. ಆದರೂ ತೊಡಕನ್ನು ಗುರುತಿಸದೆ ಯಂತ್ರ ತಂದರೆ ಸರದಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸ್ಥಳಾಂತರವಾಗಬಹುದಷ್ಟೆ.

ಚಿತ್ರಕ್ಕೆ ದುಬಾರಿ ತಂತ್ರಾಂಶ ಅಗತ್ಯವಿಲ್ಲ. ಹಾಲು ಸಹಕಾರ ಸಂಘವಿರಲಿ, ನೂಲು ಬಿಚ್ಚಾಣಿಕೆ ಘಟಕವಿರಲಿ, ಒಂದು ದೊಡ್ಡ ಹಾಳೆ, ಪೆನ್ಸಿಲು ಮತ್ತು ಗಡಿಯಾರ ಸಾಕು. ಆದರೆ ಹಾಳೆಯ ಸುತ್ತ ಕೂರುವವರಲ್ಲಿ ದಿನವೂ ಆ ಕೆಲಸ ಮಾಡುವವರು ಇರಲೇಬೇಕು. ಸರದಿಯಲ್ಲಿ ನಿಂತವನಿಗೆ ತಿಳಿದಿರುವ ವಿಳಂಬ ಮೇಜಿನ ಹಿಂದೆ ಕುಳಿತವರಿಗೆ ಕಾಣದಿರುವುದೇ ಹೆಚ್ಚು.