ಡ್ರಾಫ್ಟ್

ಪರಿಗಿ, ಹಿಂದೂಪುರದ ಕಡೆ ಡ್ರಾಫ್ಟ್ ಎಂದರೆ ಬ್ಯಾಂಕಿನ ಡಿಡಿ, ಇಲ್ಲವೇ ಪತ್ರದ ಕರಡು. 'ಎಳೆ' ಎಂಬರ್ಥದ ಇಂಗ್ಲಿಷ್ ಮೂಲದ ಈ ಮಾತು ಸೈನ್ಯಕ್ಕೆ ಆಳು ಆರಿಸುವುದಕ್ಕೂ, ಮುಂದೆ ಆಟಕ್ಕೂ ಬಳಕೆಯಾಯಿತು.

ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನ ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ, ಫಿಲಡೆಲ್ಫಿಯಾದಲ್ಲಿ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಕಾಲೇಜು ಹುಡುಗರನ್ನು ಆರಿಸುವ ಮೊದಲ ಸರದಿ. ಹಾಗೆ ಮೊದಲಿಗರಾಗಿ ಆಯ್ಕೆಯಾದ ಜೇ ಬರ್ವಾಂಗರ್ ಒಂದೂ ವೃತ್ತಿಪರ ಪಂದ್ಯ ಆಡಲಿಲ್ಲ!

ಆಟಗಾರರ ಹರಾಜೇ ಬೇರೆ. ಅಲ್ಲಿ ಹೆಚ್ಚು ಸವಾಲು ಕೂಗಿದವರಿಗೆ ಆಟಗಾರ. ಡ್ರಾಫ್ಟಿನಲ್ಲಿ ಸರದಿಯೇ ದೊಡ್ಡದು. 2008ರ ಐಪಿಎಲ್‌ನಲ್ಲಿ 19 ವರ್ಷದೊಳಗಿನವರ ತಂಡದ ಹುಡುಗರನ್ನು ಹಂಚಿದ್ದು ಹೀಗೆಯೇ. ಡೆಲ್ಲಿ ತಂಡ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ದೆಹಲಿಯವರೇ ಆದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು.

ಆಟದ ಈ ಡ್ರಾಫ್ಟನ್ನು ಕನ್ನಡದಲ್ಲಿ ಬರೀ 'ಆಯ್ಕೆ' ಎಂದರೆ ಸರದಿಯ ಅರ್ಥ ಬಿಟ್ಟುಹೋಗುತ್ತದೆ. 'ಸರದಿ ಆಯ್ಕೆ' ಎಂದರೆ ಹೊಂದುತ್ತದೆ.